ಮೈನರ್ ಎಡಿಟ್ ಟಿಕ್ ಯಾವಾಗ ಹಾಕ್ಬೇಕು, ಯಾವಾಗ ಬೇಡ?

ತಿದ್ದುಪಡಿ_ಹೊಸಬಳು:
ಎಲ್ರಿಗೂ ನಮಸ್ಕಾರ. ವಿಕಿಯಲ್ಲಿ ಪುಟ ಸೇವ್ ಮಾಡೋ ಮುಂಚೆ ಏನು ಬದಲಾಯಿಸಿದ್ವಿ ಅಂತ ಬರೆಯೋ ಸಾರಾಂಶದ ಬಾಕ್ಸ್ ಹತ್ರ ಚುಟುಕು ಬದಲಾವಣೆ (ಮೈನರ್ ಎಡಿಟ್) ಅಂತ ಒಂದು ಟಿಕ್ ಇರುತ್ತಲ್ಲ, ಅದನ್ನ ಸರಿಯಾಗಿ ತಿಳ್ಕೋಬೇಕು ಅಂತ ಕೇಳ್ತಿದ್ದೀನಿ. ನಾನು ಹೊಸ ಲೇಖನ ಬರೆಯೋದು ಕಮ್ಮಿ, ಇರೋದನ್ನ ತಿದ್ದೋದೇ ಜಾಸ್ತಿ. ಕಾಗುಣಿತ, ಮುರಿದ ಕೊಂಡಿ, ತಪ್ಪು ಇಸವಿ, ಹೀಗೆ. ಒಬ್ಬ ಹಿರಿಯ ಸಂಪಾದಕರು ಒಂದೆರಡು ಪದ ಅಷ್ಟೇ ಆದ್ರೆ ಟಿಕ್ ಹಾಕ್ಬಿಡಿ, ಇಲ್ಲಾಂದ್ರೆ ಇತ್ತೀಚಿನ ಬದಲಾವಣೆಗಳ ಪುಟ ಸುಮ್ನೆ ತುಂಬಿಹೋಗುತ್ತೆ ಅಂದ್ರು. ಇನ್ನೊಬ್ಬರು ಇಸವಿ ಬದಲಾಯಿಸಿದ್ರೆ ಟಿಕ್ ಹಾಕಲೇಬಾರದು, ಒಂದೇ ಅಂಕಿ ಆದ್ರೂ ಸರಿ ಅಂದ್ರು. ಇಬ್ರೂ ವರ್ಷಗಟ್ಟಲೆ ಕೆಲಸ ಮಾಡಿರೋರೇ. ಹಾಗಾದ್ರೆ ಅಳತೆ ಯಾವುದು, ಎಷ್ಟು ಪದದವರೆಗೆ ಚುಟುಕು?

ಕಾಗುಣಿತ_ಕೆಲಸ:
ನಾನು ಮಾಡೋದು ಹೇಳ್ತೀನಿ. ಅಕ್ಷರ ತಪ್ಪು, ಒತ್ತು ಬಿಟ್ಟುಹೋಗಿರೋದು, ಪೂರ್ಣವಿರಾಮ ಇಲ್ದೇ ಇರೋದು, ಎರಡು ಪದದ ನಡುವೆ ಎರಡೆರಡು ಸ್ಪೇಸ್, ಆವರಣ ತೆರೆದು ಮುಚ್ಚದೇ ಬಿಟ್ಟಿರೋದು, ಇದಕ್ಕೆಲ್ಲ ಯೋಚನೆ ಮಾಡದೇ ಟಿಕ್ ಹಾಕ್ತೀನಿ. ಒಂದು ಸಲ ಕೂತ್ರೆ ಒಂದು ವರ್ಗದಲ್ಲಿರೋ ಅಷ್ಟೂ ಪುಟ ತಿದ್ದಿ ಏಳೋ ಅಭ್ಯಾಸ ನಂದು, ಟಿಕ್ ಇಲ್ದೇ ಹೋದ್ರೆ ಬೇರೆಯವರ ವೀಕ್ಷಣಾಪಟ್ಟಿ (ತಾವು ಗಮನಿಸ್ತಿರೋ ಪುಟಗಳ ಬದಲಾವಣೆ ತೋರಿಸೋ ಪಟ್ಟಿ) ಪೂರ್ತಿ ನನ್ನ ಹೆಸರೇ ಕಾಣುತ್ತೆ, ಅವರಿಗೆ ನಿಜವಾಗ್ಲೂ ನೋಡ್ಬೇಕಾದ ಬದಲಾವಣೆ ಅದರೊಳಗೆ ಮುಚ್ಚಿಹೋಗುತ್ತೆ. ಆ ಹಿರಿಯರು ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ. ಇಸವಿ ವಿಷಯದಲ್ಲಿ ಮಾತ್ರ ಎರಡನೆಯವರ ಕಡೆ ನಾನು.

ಗಸ್ತು_ತಿರುಗುವವ:
ಪದ ಎಣಿಸೋದನ್ನ ಮೊದಲು ಬಿಡಿ ಮೇಡಂ, ಗೊಂದಲ ಎಲ್ಲ ಶುರುವಾಗೋದೇ ಅಲ್ಲಿಂದ. ಚುಟುಕು ಅನ್ನೋದು ಉದ್ದ ಅಳೆಯೋ ವಿಷಯ ಅಲ್ಲ. ಆ ಟಿಕ್ ಹಾಕಿದಾಗ ನೀವು ಉಳಿದವರಿಗೆ ಒಂದು ಮಾತು ಕೊಡ್ತಿದ್ದೀರಿ, ಇದನ್ನ ತೆರೆದು ನೋಡೋ ಅಗತ್ಯ ಇಲ್ಲ, ಯಾರೂ ಇದಕ್ಕೆ ತಕರಾರು ಎತ್ತೋಕೆ ಸಾಧ್ಯ ಇಲ್ಲ ಅಂತ. ಆ ಮಾತು ಕೊಡೋಕಾಗುತ್ತಾ ಅಂತ ಕೇಳ್ಕೊಳ್ಳಿ, ಉತ್ತರ ತಾನಾಗೇ ಬರುತ್ತೆ.

ಉದಾಹರಣೆ ನೋಡಿ. ಒಂದು ಜೀವನಚರಿತ್ರೆ ಪುಟದಲ್ಲಿ ಹುಟ್ಟಿದ ಇಸವಿ 1956 ಇತ್ತು, ಯಾರೋ ಬಂದು 1965 ಮಾಡಿದ್ರು ಅಂತಿಟ್ಕೊಳ್ಳಿ. ಬದಲಾಗಿದ್ದು ಎರಡು ಅಂಕಿಯ ಜಾಗ, ಅಷ್ಟೇ. ಪುಟದ ಗಾತ್ರ ಒಂದು ಬೈಟ್ ಕೂಡ ಹೆಚ್ಚಿಲ್ಲ ಕಮ್ಮಿಯಾಗಿಲ್ಲ, ಪುಟದ ಇತಿಹಾಸದಲ್ಲಿ, ಅಂದ್ರೆ ಅದರ ಬದಲಾವಣೆಗಳ ಪಟ್ಟಿಯಲ್ಲಿ, ಬೂದು ಬಣ್ಣದಲ್ಲಿ ಸೊನ್ನೆ ಅಂತ ತೋರಿಸುತ್ತೆ. ಅದರ ಪಕ್ಕ ಚುಟುಕು ಗುರುತೂ ಇದ್ರೆ ನೂರಕ್ಕೆ ತೊಂಬತ್ತು ಜನ ಆ ಸಾಲನ್ನ ದಾಟಿ ಮುಂದೆ ಹೋಗ್ತಾರೆ. ಆದ್ರೆ ಒಬ್ಬ ಮನುಷ್ಯನ ವಯಸ್ಸು ಒಂಬತ್ತು ವರ್ಷ ಕಮ್ಮಿ ಆಗೋಯ್ತು. ಬದಲಾವಣೆ ಸರಿ ಇರಬಹುದು, ಹಳೇ ಇಸವಿನೇ ತಪ್ಪಿರಬಹುದು, ಆದ್ರೆ ಆಧಾರ ನೋಡಿ ಇನ್ನೊಬ್ಬರು ತಾಳೆ ಹಾಕ್ಬೇಕಾದ ವಿಷಯ ಅದು.

ಅದೇ ಥರ "ವಿಜ್ಞಾನಿ" ಅಂತ ಇದ್ದದ್ದನ್ನ "ಪ್ರಮುಖ ವಿಜ್ಞಾನಿ" ಮಾಡೋದು, "ಪಡೆದರು" ಅನ್ನೋದನ್ನ "ಪಡೆದರು ಎನ್ನಲಾಗಿದೆ" ಮಾಡೋದು. ಸೇರಿಸಿದ್ದು ಒಂದೊಂದೇ ಪದ. ಮೊದಲನೇದು ಹೊಗಳಿಕೆ, ಎರಡನೇದು ಅನುಮಾನ. ಎರಡೂ ಚುಟುಕು ಅಲ್ಲ.

ಉಲ್ಟಾ ಕಡೆಯಿಂದಲೂ ನೋಡಿ. ಮೂವತ್ತು ಸಾಲಿನ ಒಂದೇ ಪ್ಯಾರಾ ಇರುತ್ತೆ, ನೀವು ಒಂದಕ್ಷರ ಮುಟ್ಟದೇ ಅದನ್ನ ನಾಲ್ಕು ಪ್ಯಾರಾ ಮಾಡ್ತೀರಿ, ಅಥವಾ ಅಡ್ಡಾದಿಡ್ಡಿ ಇದ್ದ ಪಟ್ಟಿಗೆ ಸರಿಯಾಗಿ ಚುಕ್ಕಿ ಹಾಕ್ತೀರಿ. ಹಳೇದು ಹೊಸದು ಪಕ್ಕಪಕ್ಕ ತೋರಿಸೋ ವ್ಯತ್ಯಾಸ ತೆರೆದ್ರೆ ಪುಟ ತುಂಬಾ ಬಣ್ಣ, ನೋಡಿದವರಿಗೆ ಗಾಬರಿ ಆಗ್ಬೇಕು ಹಾಗಿರುತ್ತೆ. ಆದ್ರೂ ಅದು ಚುಟುಕೇ, ಓದುಗನಿಗೆ ಸಿಗೋ ಮಾಹಿತಿ ಒಂದಿಷ್ಟೂ ಬದಲಾಗಿಲ್ವಲ್ಲ.

ತಿದ್ದುಪಡಿ_ಹೊಸಬಳು:
ಇದು ತುಂಬಾ ಸ್ಪಷ್ಟ ಆಯ್ತು. ಆದ್ರೆ ಒಂದು ಡೌಟು, ಇಸವಿ ತಪ್ಪು ಅಂತ ಅದೇ ಪುಟದಲ್ಲೇ ಗೊತ್ತಾಗ್ತಿದ್ರೆ? ಅಂದ್ರೆ ಮೇಲೆ ಮಾಹಿತಿಚೌಕದಲ್ಲಿ (ಮುಖ್ಯ ವಿವರಗಳ ಪಟ್ಟಿ) 1956 ಇದೆ, ಆಧಾರದಲ್ಲೂ 1956 ಇದೆ, ಕೆಳಗಡೆ ಒಂದು ಸಾಲಲ್ಲಿ ಮಾತ್ರ 1596 ಅಂತ ಟೈಪ್ ಆಗಿದೆ, ಆಗ?

ಕಾಗುಣಿತ_ಕೆಲಸ:
ಅದು ಬರೀ ಟೈಪಿಂಗ್ ತಪ್ಪು, ಯಾರು ನೋಡಿದ್ರೂ ಗೊತ್ತಾಗುತ್ತೆ. ನಾನಾದ್ರೆ ಟಿಕ್ ಹಾಕ್ತೀನಿ.

ಗಸ್ತು_ತಿರುಗುವವ:
ತಪ್ಪೇನಿಲ್ಲ. ಆದ್ರೂ ಅಂಕಿ ಮುಟ್ಟಿದಾಗ ನಾನಂತೂ ಟಿಕ್ ಹಾಕೋದಿಲ್ಲ, ಸಾರಾಂಶದಲ್ಲಿ "ಟೈಪಿಂಗ್ ತಪ್ಪು, ಆಧಾರದಲ್ಲಿರುವಂತೆ 1956" ಅಂತ ಬರೀತೀನಿ. ಅನುಮಾನ ಬಂದ್ರೆ ಟಿಕ್ ಬಿಟ್ಬಿಡೋದು ಯಾವಾಗ್ಲೂ ಸೇಫ್. ಟಿಕ್ ಹಾಕದೇ ಇದ್ರೆ ಯಾರಿಗೂ ನಷ್ಟ ಇಲ್ಲ, ಹೆಚ್ಚೆಂದ್ರೆ ಯಾರೋ ಒಬ್ಬರು ಅರ್ಧ ನಿಮಿಷ ಅದನ್ನ ತೆರೆದು ನೋಡ್ತಾರೆ. ತಪ್ಪಾಗಿ ಹಾಕಿದ್ರೆ ನಂಬಿಕೆ ಹೋಗುತ್ತೆ, ಆಮೇಲೆ ನಿಮ್ಮ ನಿಜವಾದ ಚುಟುಕು ಎಡಿಟ್‌ಗಳನ್ನೂ ಜನ ತೆರೆದು ನೋಡೋಕೆ ಶುರು ಮಾಡ್ತಾರೆ.

ಬೈಟ್_ಲೆಕ್ಕ:
ಗಾತ್ರದ ಬಗ್ಗೆ ಮಾತು ಬಂತಲ್ಲ, ಕನ್ನಡದಲ್ಲಿ ಕೆಲಸ ಮಾಡೋರು ಇದೊಂದು ತಿಳ್ಕೊಂಡಿರ್ಬೇಕು. ಇತಿಹಾಸದಲ್ಲಿ ಕಾಣೋ ಹಸಿರು ಕೆಂಪು ಸಂಖ್ಯೆ ಅಕ್ಷರದ ಲೆಕ್ಕ ಅಲ್ಲ, ಬೈಟ್ ಲೆಕ್ಕ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಆದ್ರೆ ಯುಟಿಎಫ್-8 ಅನ್ನೋ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಚಿಹ್ನೆ ಅಂದ್ರೆ ನಮ್ಮ ಕಣ್ಣಿಗೆ ಕಾಣೋ ಅಕ್ಷರವೂ ಅಲ್ಲ, ಕ್ಷ ಅನ್ನೋದು ಒಳಗೆ ಕ, ಅರ್ಧಾಕ್ಷರ ಮಾಡೋ ಗುರುತು, ಷ ಅಂತ ಮೂರಾಗಿ ಕೂತಿರುತ್ತೆ, ಹಾಗಾಗಿ ಒಂಬತ್ತು ಬೈಟ್. ಮೇಲೆ ಹೇಳಿದ "ಪ್ರಮುಖ" ಪದ ಅದರ ಸ್ಪೇಸ್ ಸಮೇತ 19 ಬೈಟ್ ಆಗುತ್ತೆ. "ಅಲ್ಲ" ಅಂತ ಸೇರಿಸಿ ಇಡೀ ವಾಕ್ಯದ ಅರ್ಥ ತಿರುಗಿಸಿಬಿಟ್ರೆ ಸ್ಪೇಸ್ ಸೇರಿ ಬರೀ 13.

ಇನ್ನೊಂದು ಕಡೆ, ಲೇಖನದಲ್ಲಿರೋ ೧೯೫೬ ಥರದ ಕನ್ನಡ ಅಂಕಿಯ ಇಸವಿಗಳನ್ನ 1956 ಥರ ಮಾಡ್ಕೊಂಡು ಹೋದ್ರೆ ಒಂದೊಂದು ಇಸವಿಗೂ ಎಂಟು ಬೈಟ್ ಕಮ್ಮಿ ಆಗುತ್ತೆ. ಎಪ್ಪತ್ತು ಇಸವಿ ಇರೋ ದೊಡ್ಡ ಲೇಖನ ಆದ್ರೆ 560 ಬೈಟ್ ಹೋಯ್ತು. ವಿಕಿಪೀಡಿಯ ಓಡೋ ಮೀಡಿಯಾವಿಕಿ ಸಾಫ್ಟ್‌ವೇರಲ್ಲಿ ಸೆಟ್ಟಿಂಗ್ ಬದಲಾಯಿಸಿಲ್ಲ ಅಂದ್ರೆ 500 ದಾಟಿದ ವ್ಯತ್ಯಾಸ ದಪ್ಪಕ್ಷರದಲ್ಲಿ ಬರುತ್ತೆ, ಅಂದ್ರೆ ಯಾರೋ ಒಂದು ಪ್ಯಾರಾನೇ ಅಳಿಸಿದ್ದಾರೆ ಅನ್ನೋ ಹಾಗೆ ಕೆಂಪಗೆ ಕಾಣುತ್ತೆ, ಅಳಿಸಿರೋದು ಏನೂ ಇಲ್ಲ. ಆ ಸಂಖ್ಯೆ ನೋಡಿ ಇದು ಚುಟುಕು ಇದು ದೊಡ್ಡದು ಅಂತ ತೀರ್ಮಾನ ಮಾಡೋಕೇ ಬರೋಲ್ಲ.

ತಿದ್ದುಪಡಿ_ಹೊಸಬಳು:
ಅಂಕಿ ಬದಲಾಯಿಸೋ ಕೆಲಸ ನಾನು ಕೈಗೆತ್ಕೊಂಡಿದ್ದೀನಿ, ಒಂದು ವಿಷಯದ ಲೇಖನಗಳಲ್ಲಿ ಅರ್ಧ ಕಡೆ ಕನ್ನಡ ಅಂಕಿ ಅರ್ಧ ಕಡೆ ಇಂಗ್ಲಿಷ್ ಅಂಕಿ ಇದೆ, ಒಂದೇ ಥರ ಮಾಡೋಣ ಅಂತ. ಅರ್ಥ ಬದಲಾಗಲ್ಲ ಅಂದ್ಮೇಲೆ ಅದು ಚುಟುಕೇ ಅಲ್ವಾ?

ಕಾಗುಣಿತ_ಕೆಲಸ:
ಹೌದು, ಬರೀ ರೂಪ ಬದಲಾಗಿದೆ.

ಹಳೇ_ಇತಿಹಾಸ_ಓದುವವ:
ಅಲ್ಲ. ಇಲ್ಲಿ ನಾನು ಒಪ್ಪೋದಿಲ್ಲ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಅರ್ಥ ಬದಲಾಗೋದು ಒಂದು ಪ್ರಶ್ನೆ, ಯಾರಾದ್ರೂ ವಿರೋಧ ಮಾಡಬಹುದಾ ಅನ್ನೋದು ಇನ್ನೊಂದು ಪ್ರಶ್ನೆ. ಕನ್ನಡ ಅಂಕಿ ಇರ್ಬೇಕು ಅಂತ ಮನಸಾರೆ ನಂಬಿರೋ ಜನ ಇದ್ದಾರೆ, ಅವರು ಬೇಕಂತಲೇ ೧೯೫೬ ಅಂತ ಟೈಪ್ ಮಾಡಿರ್ತಾರೆ. ಅದನ್ನ ನೀವು ಚುಟುಕು ಅಂತ ಗುರುತು ಹಾಕಿ ಬದಲಾಯಿಸ್ತಾ ಹೋದ್ರೆ, ಚುಟುಕು ಬದಲಾವಣೆ ಕಾಣದ ಹಾಗೆ ಇಟ್ಕೊಂಡಿರೋರ ಕಣ್ಣಿಗೆ ಇದು ಬೀಳೋದೇ ಇಲ್ಲ. ಒಂದು ದಿನ ಯಾವುದೋ ಲೇಖನ ತೆರೆದು ನೋಡ್ತಾರೆ, ತಾವು ಬರೆದ ಪುಟಗಳೆಲ್ಲ ಬದಲಾಗಿವೆ, ತಮಗೊಂದು ಮಾತು ಗೊತ್ತಾಗಿಲ್ಲ. ಆಗ ಬರೋ ಸಿಟ್ಟು ಅಂಕಿಯ ಮೇಲಲ್ಲ, ಗೊತ್ತಾಗದ ಹಾಗೆ ಮಾಡಿದ್ರಲ್ಲ ಅನ್ನೋದರ ಮೇಲೆ. ನೀವು ಒಳ್ಳೇ ಮನಸ್ಸಿಂದ ಮಾಡಿರ್ತೀರಿ, ಆದ್ರೂ ಕದ್ದು ಮಾಡಿದ ಹಾಗೆ ಕಾಣುತ್ತೆ. ಕತೆ, ಕಥೆ ಎರಡೂ ಸರಿ ಇರುವಾಗ ಒಂದನ್ನ ಇನ್ನೊಂದು ಮಾಡೋದೂ ಇದೇ ಜಾತಿ. ಎರಡು ರೂಪವೂ ಚಾಲ್ತಿಯಲ್ಲಿರೋ ಕಡೆ ಒಂದನ್ನ ಆರಿಸೋದು ಒಂದು ನಿರ್ಧಾರ, ನಿರ್ಧಾರ ಅಂದ್ಮೇಲೆ ಅದು ಎಲ್ಲರಿಗೂ ಕಾಣ್ಬೇಕು.

ಇನ್ನೂ ಒಂದು ಇದೆ, ಇದು ನನಗೆ ಬಹಳ ಮುಖ್ಯ. ಹಳಗನ್ನಡ ಪದ್ಯ ಉದ್ಧರಿಸಿರೋ ಪುಟಗಳಲ್ಲಿ ೞ, ಱ ಅಕ್ಷರಗಳು ಬರ್ತಾವೆ. ಕಾಗುಣಿತ ತಿದ್ದೋರು ಅದನ್ನ ನೋಡಿ ತಪ್ಪು ಅಂದ್ಕೊಂಡು ಳ, ರ ಮಾಡ್ತಾರೆ, ಸಾರಾಂಶದಲ್ಲಿ "ಕಾಗುಣಿತ" ಅಂತ ಹಾಕ್ತಾರೆ, ಟಿಕ್ ಕೂಡ. ಬೈಟ್ ವ್ಯತ್ಯಾಸ ಸೊನ್ನೆ, ಯಾಕಂದ್ರೆ ಎಲ್ಲಾ ಅಕ್ಷರಕ್ಕೂ ಮೂರೇ ಬೈಟ್. ಪದ್ಯದ ಪಾಠವೇ ಕೆಟ್ಟಿರುತ್ತೆ, ಯಾರಿಗೂ ಗೊತ್ತಾಗೋದಿಲ್ಲ. ಉದ್ಧರಣೆ ಚಿಹ್ನೆಯ ಒಳಗಿರೋದನ್ನ, ಅದು ಪದ್ಯ ಇರಲಿ ಶಾಸನದ ಸಾಲಿರಲಿ ಯಾರದೋ ಹೇಳಿಕೆ ಇರಲಿ, ಮೂಲ ಪಕ್ಕದಲ್ಲಿಟ್ಕೊಂಡು ನೋಡದೇ ಮುಟ್ಟಬಾರದು. ಮುಟ್ಟಿದ್ರೆ ಟಿಕ್ ಹಾಕಬಾರದು.

ಕಾಗುಣಿತ_ಕೆಲಸ:
ಉದ್ಧರಣೆ ವಿಷಯ ಪೂರ್ತಿ ಒಪ್ತೀನಿ. ಜನರ ಹೆಸರೂ ಅದೇ ಸಾಲಿಗೆ ಸೇರುತ್ತೆ. ಶಾರದ ಅಂತ ಬರ್ಕೊಳ್ಳೋರೂ ಇದ್ದಾರೆ, ಶಾರದಾ ಅಂತ ಬರ್ಕೊಳ್ಳೋರೂ ಇದ್ದಾರೆ, ವ್ಯಾಕರಣ ಏನೇ ಹೇಳಲಿ ಹೆಸರು ಅವರದ್ದು. ಅಂಕಿ ವಿಷಯ ಇನ್ನೂ ಯೋಚನೆ ಮಾಡ್ಬೇಕು, ಆದ್ರೆ ಪುಟಗಳ ಸಂಖ್ಯೆ ಜಾಸ್ತಿ ಇದ್ರೆ ಮೊದಲು ಕೇಳಿ ಮಾಡೋದೇ ವಾಸಿ ಅನ್ನೋದು ಸರಿ.

ಟೆಂಪ್ಲೇಟು_ರಿಪೇರಿ:
ಟೆಂಪ್ಲೇಟು, ಅಂದ್ರೆ ಹಲವು ಪುಟಗಳಲ್ಲಿ ಒಟ್ಟಿಗೆ ಬಳಕೆಯಾಗೋ ಅಚ್ಚು, ಅದರ ಬಗ್ಗೆ ಯಾರೂ ಹೇಳಿಲ್ಲ. ಲೇಖನದಲ್ಲಿ ಒಂದು ಆವರಣ ಸೇರಿಸೋದೂ ಸಾವಿರ ಪುಟದಲ್ಲಿ ಬಳಕೆಯಾಗೋ ಟೆಂಪ್ಲೇಟಲ್ಲಿ ಒಂದು ಆವರಣ ಸೇರಿಸೋದೂ ಒಂದೇ ಅಲ್ಲ ರೀ. ಅಲ್ಲಿ ಒಂದು ಗುರುತು ತಪ್ಪಿದ್ರೆ ಸಾವಿರ ಪುಟದಲ್ಲೂ ಮಾಹಿತಿಚೌಕ ಒಡೆದುಹೋಗುತ್ತೆ, ಆಗ ಯಾವ ಬದಲಾವಣೆಯಿಂದ ಹೀಗಾಯ್ತು ಅಂತ ಹುಡುಕ್ತಾ ಬರೋರು ಚುಟುಕು ಸಾಲನ್ನ ಬಿಟ್ಟು ಉಳಿದದ್ದನ್ನೇ ತಡಕಾಡ್ತಾರೆ. ಟೆಂಪ್ಲೇಟು, ಮಾಡ್ಯೂಲ್‌ಗಳಲ್ಲಿ (ಟೆಂಪ್ಲೇಟಿಗೆ ಬೇಕಾದ ಕೋಡ್ ಇರೋ ಪುಟ) ವಿವರಣೆಯ ಭಾಗ ಬಿಟ್ಟು ಬೇರೆ ಏನು ಮುಟ್ಟಿದ್ರೂ ಟಿಕ್ ಬೇಡ.

ಬೈಟ್_ಲೆಕ್ಕ:
ಕಣ್ಣಿಗೆ ಕಾಣದ ಗುರುತುಗಳೂ ಇವೆ. "ಫೇಸ್‌ಬುಕ್" ಅಂತ ಬರೆಯುವಾಗ ಸ್ ಆದ್ಮೇಲೆ ಬು ಒತ್ತಕ್ಷರ ಆಗದೇ ಬಿಡಿಯಾಗಿ ನಿಲ್ಲೋಕೆ ನಡುವೆ ಒಂದು ಅಗೋಚರ ಚಿಹ್ನೆ ಇರುತ್ತೆ, ಶೂನ್ಯ ಅಗಲದ್ದು, ಅದಕ್ಕೂ ಮೂರು ಬೈಟ್. ಎಷ್ಟೋ ಸಲ ವ್ಯತ್ಯಾಸ ತೆರೆದ್ರೆ ಎಡಗಡೆ ಬಲಗಡೆ ಒಂದೇ ಥರ ಕಾಣುತ್ತೆ, ಆದ್ರೆ ಮೂರು ಬೈಟ್ ಹೆಚ್ಚಾಗಿದೆ ಅಂತಿರುತ್ತೆ, ಇದೇ ಕಾರಣ. ಮಾಮೂಲಿ ವಾಕ್ಯದಲ್ಲಿ ಸೇರಿಸಿದ್ರೆ ಚುಟುಕೇ. ಕೊಂಡಿಯ ಒಳಗೆ ಸೇರಿಸಿದ್ರೆ ಮಾತ್ರ ಹುಷಾರು, ಆ ಚಿಹ್ನೆ ಇರೋ ಶೀರ್ಷಿಕೆ ಮತ್ತು ಇಲ್ಲದ ಶೀರ್ಷಿಕೆ ವಿಕಿಗೆ ಎರಡು ಬೇರೆ ಪುಟ, ನೀಲಿ ಇದ್ದ ಕೊಂಡಿ ಕೆಂಪಾಗಿಬಿಡುತ್ತೆ, ಅಂದ್ರೆ ಇಲ್ಲದ ಪುಟಕ್ಕೆ ಹೋಗುತ್ತೆ. ಮುನ್ನೋಟ ನೋಡಿ ಸೇವ್ ಮಾಡಿ.

ಕೊಂಡಿ_ಜೋಡಿಸುವವ:
ಕೊಂಡಿ ಅಂದ್ರೆ ನೆನಪಾಯ್ತು. ಒಂದೇ ಹೆಸರಿನ ಹಲವು ವಿಷಯ ಇದ್ದಾಗ ದ್ವಂದ್ವ ನಿವಾರಣೆ ಪುಟಕ್ಕೆ (ಆ ವಿಷಯಗಳನ್ನ ಪಟ್ಟಿ ಮಾಡಿರೋ ಪುಟ) ಹೋಗ್ತಿರೋ ಕೊಂಡಿಯನ್ನ ಸರಿಯಾದ ಲೇಖನಕ್ಕೆ ತಿರುಗಿಸೋ ಕೆಲಸ ಮಾಡ್ತೀನಿ ನಾನು. ಸಾಮಾನ್ಯವಾಗಿ ಟಿಕ್ ಹಾಕ್ತೀನಿ. ಅದೇ ಒಂದೇ ಹೆಸರಿನ ಇಬ್ಬರು ಮನುಷ್ಯರಲ್ಲಿ ಇವರು ಅವರೇ ಅಂತ ನಾನು ಹುಡುಕಿ ತೀರ್ಮಾನ ಮಾಡಿದ್ದರೆ ಟಿಕ್ ಹಾಕಲ್ಲ. ಅಲ್ಲಿ ನನ್ನ ಊಹೆ ತಪ್ಪಿರೋ ಚಾನ್ಸ್ ಇರುತ್ತೆ.

ತಿದ್ದುಪಡಿ_ಹೊಸಬಳು:
ವರ್ಗ ಸೇರಿಸೋದು, ಆಧಾರ ಸೇರಿಸೋದು?

ಗಸ್ತು_ತಿರುಗುವವ:
ಆಧಾರ ಸೇರಿಸಿದ್ರೂ ತೆಗೆದ್ರೂ ಟಿಕ್ ಬೇಡ, ಲೇಖನದ ಬೆನ್ನೆಲುಬು ಅದೇ. "ಆಧಾರ ಬೇಕು" ಅನ್ನೋ ಗುರುತು ಹಾಕಿದ್ರೆ, ತೆಗೆದ್ರೆ, ಆಗಲೂ ಬೇಡ. ಚಿತ್ರ ಸೇರಿಸಿದ್ರೆ ಬೇಡ. ವರ್ಗಕ್ಕೂ ನಾನು ಹಾಕಲ್ಲ, ವರ್ಗದಲ್ಲಿರೋ ಅಕ್ಷರ ತಪ್ಪು ತಿದ್ದೋದಾದ್ರೆ ಸರಿ. ಚರ್ಚಾಪುಟದಲ್ಲಿ ಅಭಿಪ್ರಾಯ ಬರೆದು ಟಿಕ್ ಹಾಕೋರು ಇದ್ದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಅಭಿಪ್ರಾಯ ಬರೆಯೋದೇ ಬೇರೆಯವರು ಓದಲಿ ಅಂತ.

ಹೊಸ ಪುಟ ಶುರು ಮಾಡುವಾಗ, ಚರ್ಚಾಪುಟದಲ್ಲಿ ಹೊಸ ವಿಭಾಗ ತೆರೆಯುವಾಗ ಆ ಟಿಕ್ ಬಾಕ್ಸೇ ಬರೋದಿಲ್ಲ, ಗಮನಿಸಿ. ಸಾಫ್ಟ್‌ವೇರೇ ಅದನ್ನ ಚುಟುಕು ಅಂತ ಒಪ್ಪಲ್ಲ. ವಿಕಿಪೀಡಿಯದಲ್ಲಿ ಲಾಗಿನ್ ಆಗದೇ ಎಡಿಟ್ ಮಾಡೋರಿಗೂ ಆ ಬಾಕ್ಸ್ ಸಿಗೋದಿಲ್ಲ. ನೋಡೋದು ಬೇಡ ಅಂತ ಹೇಳೋ ಅಧಿಕಾರ ಗುರುತಿಲ್ಲದವರ ಕೈಗೆ ಕೊಡೋದು ಕಷ್ಟ, ಹಾಳು ಮಾಡೋಕೆ ಬಂದವರು ಮೊದಲು ಹಾಕೋದೇ ಆ ಟಿಕ್.

ಎರಡನೇ_ಓದು:
ಅದೇ ನನ್ನ ಪ್ರಶ್ನೆ. ಹಾಳು ಮಾಡೋರೂ ಖಾತೆ ತೆರೆದು ಟಿಕ್ ಹಾಕಬಹುದಲ್ಲ. ಗಸ್ತು ತಿರುಗೋರು, ಅಂದ್ರೆ ಹೊಸ ಬದಲಾವಣೆಗಳನ್ನ ಪರಿಶೀಲಿಸೋರು, ಚುಟುಕು ಬದಲಾವಣೆಯನ್ನೂ ಬಿಡದೇ ನೋಡ್ತಾರೆ ಅಂದ್ಮೇಲೆ ಈ ಗುರುತಿಂದ ಏನು ಪ್ರಯೋಜನ? ತೆಗೆದೇಬಿಟ್ರೆ ಈ ತಲೆನೋವೇ ಇರಲ್ಲ.

ಹಳೇ_ಇತಿಹಾಸ_ಓದುವವ:
ನ್ಯಾಯವಾದ ಪ್ರಶ್ನೆ. ಗಸ್ತು ತಿರುಗೋರಿಗೆ ಇದರಿಂದ ಲಾಭ ಕಮ್ಮಿ, ಒಪ್ತೀನಿ. ಇವತ್ತಿನ ಬದಲಾವಣೆ ನೋಡೋರನ್ನ ಬಿಟ್ಟು ನಾಲ್ಕೈದು ವರ್ಷ ಆದ್ಮೇಲೆ ಬರೋರನ್ನ ಯೋಚನೆ ಮಾಡಿ.

ಒಂದು ಲೇಖನದಲ್ಲಿ ವಿವಾದ ಆಗುವಂಥ ಒಂದು ಸಾಲು ಕಾಣುತ್ತೆ, ಆಧಾರ ಇಲ್ಲ. ಯಾರು ಸೇರಿಸಿದ್ರು, ಯಾವಾಗ, ಆಗ ಆಧಾರ ಇತ್ತಾ ಅಂತ ನೋಡ್ಬೇಕು. ಇತಿಹಾಸ ತೆರೆದ್ರೆ ಐನೂರು ಸಾಲು. ಒಂದೊಂದೇ ವ್ಯತ್ಯಾಸ ತೆರೆದು ನೋಡ್ತಾ ಹೋದ್ರೆ ದಿನ ಪೂರ್ತಿ ಬೇಕು. ಟಿಕ್ ಪ್ರಾಮಾಣಿಕವಾಗಿ ಹಾಕಿರೋ ಪುಟ ಆದ್ರೆ ಚುಟುಕು ಗುರುತಿರೋ ಸಾಲನ್ನೆಲ್ಲ ದಾಟಿ ಉಳಿದದ್ದನ್ನ ಸಾರಾಂಶ ಓದ್ಕೊಂಡು ಹೋದ್ರೆ ಬೇಗ ಸಿಗುತ್ತೆ. ಮನಸಿಗೆ ಬಂದ ಹಾಗೆ ಹಾಕಿರೋ ಪುಟ ಆದ್ರೆ ಆ ಗುರುತು ದಾರಿ ತಪ್ಪಿಸುತ್ತೆ, ಬೇಕಾದ ಬದಲಾವಣೆ "ಸಣ್ಣ ತಿದ್ದುಪಡಿ" ಅನ್ನೋ ಹೆಸರಲ್ಲಿ ಅಡಗಿ ಕೂತಿರುತ್ತೆ. ಅಲ್ಲಿ ಗುರುತೇ ಇಲ್ದೇ ಇದ್ರೆ ವಾಸಿಯಾಗಿತ್ತು ಅನ್ಸುತ್ತೆ. ಹಾಗಂತ ತೆಗೆದುಹಾಕಿದ್ರೆ ಪ್ರಾಮಾಣಿಕವಾಗಿ ಹಾಕೋರ ಕೆಲಸವೂ ವ್ಯರ್ಥ ಆಗುತ್ತೆ.

ಈ ಟಿಕ್ ಬಹಳ ಹಳೇದು. 2001ರ ಜನವರಿಯಲ್ಲಿ ವಿಕಿಪೀಡಿಯ ಶುರುವಾದಾಗ ಅದು ಓಡ್ತಿದ್ದದ್ದು ಯೂಸ್‌ಮಾಡ್‌ವಿಕಿ ಅನ್ನೋ ಸಾಫ್ಟ್‌ವೇರ್ ಮೇಲೆ, ಅದರಲ್ಲೇ ಚುಟುಕು ಬದಲಾವಣೆ ಗುರುತು ಹಾಕೋ ವ್ಯವಸ್ಥೆ ಇತ್ತು. ಆಮೇಲೆ ಸಾಫ್ಟ್‌ವೇರ್ ಬದಲಾದ್ರೂ ಅದು ಉಳ್ಕೊಂಡಿದೆ, ಜನಕ್ಕೆ ಬೇಕಾಗಿದ್ದಕ್ಕೇ ಉಳ್ಕೊಂಡಿರೋದು. ಆದ್ರೆ ಆಯ್ಕೆಗಳಲ್ಲಿ "ನನ್ನ ಎಲ್ಲಾ ಬದಲಾವಣೆಯನ್ನೂ ಚುಟುಕು ಅಂತಲೇ ಗುರುತಿಸು" ಅನ್ನೋ ಸೆಟ್ಟಿಂಗ್ ಒಂದಿತ್ತು. ಅದನ್ನ ಒಂದು ಸಲ ಆನ್ ಮಾಡಿ ಮರೆತುಬಿಟ್ರೆ ಪ್ಯಾರಾಗಟ್ಟಲೆ ಬರೆದದ್ದೂ ಚುಟುಕು ಅಂತ ದಾಖಲಾಗ್ತಿತ್ತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಚರ್ಚೆ ಮಾಡಿ 2011ರಲ್ಲಿ ಆ ಸೆಟ್ಟಿಂಗ್ ತೆಗೆದ್ರು, ಸರಿಯಾದ ಕೆಲಸ. ಪ್ರತಿ ಸಲ ಕೈಯಿಂದ ಹಾಕಿದ್ರೇ ಅದಕ್ಕೊಂದು ಬೆಲೆ. ನೀವು ಕೆಲಸ ಮಾಡೋ ವಿಕಿಯಲ್ಲಿ ಆ ಆಯ್ಕೆ ಇನ್ನೂ ಇದ್ದು ಆನ್ ಆಗಿದ್ರೆ ಈಗಲೇ ಆಫ್ ಮಾಡಿ.

ಎರಡನೇ_ಓದು:
ಇತಿಹಾಸ ಓದೋರ ಕಡೆಯಿಂದ ನಾನು ಯೋಚನೆ ಮಾಡಿರಲಿಲ್ಲ. ಸರಿ, ಇರಲಿ ಬಿಡಿ ಗುರುತು. ಆದ್ರೆ ರೋಲ್‌ಬ್ಯಾಕ್ ವಿಷಯಕ್ಕೆ ಏನಂತೀರಿ, ನನ್ನ ಒಂದು ಬದಲಾವಣೆಯನ್ನ ಯಾರೋ ಹಿಂದಕ್ಕೆ ತಿರುಗಿಸಿದ್ರು, ಅದರ ಪಕ್ಕ ಚುಟುಕು ಅಂತಿತ್ತು. ಆಧಾರ ಕೊಟ್ಟು ಬರೆದ ಎರಡು ವಾಕ್ಯ ತೆಗೆದುಹಾಕೋದು ಚುಟುಕು ಹೇಗಾಗುತ್ತೆ?

ಗಸ್ತು_ತಿರುಗುವವ:
ಆಗೋದಿಲ್ಲ, ನಿಮ್ಮ ಬೇಜಾರು ಸರಿ. ಅಲ್ಲಿ ನಡೆದಿರೋದು ಏನಂದ್ರೆ, ರೋಲ್‌ಬ್ಯಾಕ್ ಗುಂಡಿ ಒತ್ತಿದ್ರೆ ಸಾಫ್ಟ್‌ವೇರ್ ತಾನಾಗೇ ಚುಟುಕು ಗುರುತು ಹಾಕುತ್ತೆ, ಸಾರಾಂಶವೂ ಸಿದ್ಧ ಮಾದರಿದೇ ಬರುತ್ತೆ. ಆ ಗುಂಡಿ ಕೊಟ್ಟಿರೋದು ಸ್ಪಷ್ಟವಾಗಿ ಹಾಳು ಮಾಡಿರೋದನ್ನ ಬೇಗ ತೆಗೆಯೋಕೆ, ಬೈಗುಳ ಬರೆದಿರೋದು, ಪುಟ ಪೂರ್ತಿ ಅಳಿಸಿರೋದು, ಅಂಥದ್ದಕ್ಕೆ. ಅದನ್ನ ತಿರುಗಿಸಿದ್ರೆ ಯಾರೂ ತಕರಾರು ಮಾಡಲ್ಲ, ಹಾಗಾಗಿ ಚುಟುಕು. ಒಳ್ಳೇ ಉದ್ದೇಶದಿಂದ ಬರೆದದ್ದನ್ನ ಒಪ್ಪದೇ ತೆಗೆಯೋದಾದ್ರೆ ರದ್ದು ಮಾಡೋ ಕೊಂಡಿ ಬಳಸಿ, ಕಾರಣ ಬರೆದು, ಟಿಕ್ ಇಲ್ದೇ ಸೇವ್ ಮಾಡ್ಬೇಕು. ಆ ಕೊಂಡಿಯಲ್ಲಿ ತಾನಾಗೇ ಟಿಕ್ ಬೀಳೋದಿಲ್ಲ. ಅವರ ಚರ್ಚಾಪುಟದಲ್ಲಿ ಸಮಾಧಾನವಾಗಿ ಇದನ್ನೇ ಹೇಳಿ, ಬಹಳ ಸಲ ಜನಕ್ಕೆ ಆ ಗುಂಡಿ ಟಿಕ್ ಹಾಕುತ್ತೆ ಅಂತಲೇ ಗೊತ್ತಿರಲ್ಲ.

ಆಫೀಸ್_ವಿಕಿ:
ನಾನು ಕೆಲಸದ ಜಾಗದಲ್ಲಿ ಡೋಕುವಿಕಿ ಅನ್ನೋ ಬೇರೆ ವಿಕಿ ಸಾಫ್ಟ್‌ವೇರ್ ನೋಡ್ಕೊಳ್ತೀನಿ, ಅಲ್ಲೂ ಇದೇ ಟಿಕ್ ಇದೆ, ಲಾಗಿನ್ ಆದವರಿಗೆ ಮಾತ್ರ. ಅಲ್ಲಿ ಪರಿಣಾಮ ಇನ್ನೂ ನೇರ, ಪುಟಕ್ಕೆ ಚಂದಾದಾರರಾಗಿರೋರಿಗೆ ಚುಟುಕು ಬದಲಾವಣೆಯ ಮೇಲ್ ಹೋಗೋದೇ ಇಲ್ಲ. ಒಂದು ಸರ್ವರ್ ರೀಸ್ಟಾರ್ಟ್ ಮಾಡೋ ವಿಧಾನದ ಪುಟ ಅಂತಿಟ್ಕೊಳ್ಳಿ, ಕಮಾಂಡ್‌ನಲ್ಲಿ ಪೋರ್ಟ್ ನಂಬರಿನ ಒಂದು ಅಂಕಿ ಬದಲಾಗಿದೆ, ಟಿಕ್ ಬಿದ್ದಿದೆ, ಅದನ್ನ ನಂಬ್ಕೊಂಡಿರೋ ತಂಡಕ್ಕೆ ಸುದ್ದಿಯೇ ಇಲ್ಲ. ಅದಕ್ಕೇ ನಮ್ಮಲ್ಲಿ ಕೋಡ್ ಬಾಕ್ಸ್ ಒಳಗಿನ ಯಾವ ಬದಲಾವಣೆಗೂ ಟಿಕ್ ಹಾಕಬಾರದು ಅಂತ ನಿಯಮ ಮಾಡಿಟ್ಟಿದ್ದೀವಿ, ಸ್ಪೇಸ್ ಆದ್ರೂ ಸರಿ.

ಬೈಟ್_ಲೆಕ್ಕ:
ಮೀಡಿಯಾವಿಕಿಯಲ್ಲೂ ಮೇಲ್ ಸೌಲಭ್ಯ ಇರೋ ಕಡೆ ಚುಟುಕು ಬದಲಾವಣೆಗೂ ಮೇಲ್ ಬೇಕಾ ಅನ್ನೋದು ಬೇರೆ ಆಯ್ಕೆ, ಹಾಕ್ಕೊಂಡಿದ್ರೆ ಮಾತ್ರ ಬರುತ್ತೆ. ವೀಕ್ಷಣಾಪಟ್ಟಿಯಲ್ಲಿ ಚುಟುಕು ಬದಲಾವಣೆ ಮರೆಮಾಡೋ ಆಯ್ಕೆ ಇಟ್ಕೊಂಡಿರೋರು ಇನ್ನೊಂದು ನೋಡ್ಕೊಳ್ಳಿ. ಪಟ್ಟಿ ಮಾಮೂಲಾಗಿ ಪ್ರತಿ ಪುಟದ ಕೊನೇ ಬದಲಾವಣೆ ಮಾತ್ರ ತೋರಿಸುತ್ತೆ. ಬೆಳಗ್ಗೆ ಯಾರೋ ದೊಡ್ಡದಾಗಿ ಬದಲಾಯಿಸಿ, ಮಧ್ಯಾಹ್ನ ಇನ್ಯಾರೋ ಒಂದು ಪೂರ್ಣವಿರಾಮ ಸರಿಮಾಡಿ ಟಿಕ್ ಹಾಕಿದ್ರೆ, ಕೊನೇದು ಚುಟುಕು ಅಂತ ಆ ಪುಟವೇ ಪಟ್ಟಿಯಿಂದ ಮಾಯ ಆಗೋ ತೊಂದರೆ ವರ್ಷಗಳಿಂದ ಜನ ನೋಡಿದ್ದಾರೆ, ಬಾಟ್ (ತಾನಾಗೇ ತಿದ್ದೋ ಪ್ರೋಗ್ರಾಂ) ಬದಲಾವಣೆ ಮರೆಮಾಡಿದಾಗಲೂ ಹೀಗೇ. ಆಯ್ಕೆಗಳಲ್ಲಿ ಕೊನೇದಷ್ಟೇ ಅಲ್ಲ ಎಲ್ಲಾ ಬದಲಾವಣೆ ತೋರಿಸು ಅನ್ನೋದನ್ನ ಆನ್ ಮಾಡಿಟ್ಕೊಂಡ್ರೆ ಈ ಕಾಟ ಇರಲ್ಲ.

ಕಾಗುಣಿತ_ಕೆಲಸ:
ಇದು ನನಗೆ ಹೊಸದು. ಅಂದ್ರೆ ನಾನು ಯಾವುದೋ ಪುಟದಲ್ಲಿ ಒಂದು ಅಕ್ಷರ ತಿದ್ದಿದ್ರೆ ಅದರ ಹಿಂದಿನ ದೊಡ್ಡ ಬದಲಾವಣೆ ಬೇರೆಯವರಿಗೆ ಕಾಣದೇ ಹೋಗಬಹುದು. ಹಾಗಾದ್ರೆ ತಿದ್ದೋಕೆ ಮುಂಚೆ ಹಿಂದಿನ ಬದಲಾವಣೆ ಏನು ಅಂತ ನೋಡೋದು ಒಳ್ಳೇದು, ಅದು ಅನುಮಾನ ಬರೋ ಥರ ಇದ್ರೆ ಕಾಗುಣಿತ ಆಮೇಲೆ. ಹಾಳು ಮಾಡಿರೋ ವಾಕ್ಯದ ಅಕ್ಷರ ತಪ್ಪು ತಿದ್ದಿ ಅದನ್ನ ಅಲ್ಲೇ ಉಳಿಸಿರೋ ಪುಟಗಳು ಎಷ್ಟೋ ಇವೆ.

ತಿದ್ದುಪಡಿ_ಹೊಸಬಳು:
ಒಂದು ಸಲ ಟಿಕ್ ತಪ್ಪಾಗಿ ಬಿದ್ದು ಸೇವ್ ಆದ್ರೆ ಆಮೇಲೆ ತೆಗೆಯೋಕಾಗುತ್ತಾ? ಸಾರಾಂಶ ಬರೆದ ಮೇಲೆ ಟಿಕ್ ಬೇರೆ ಯಾಕೆ ಅಂತಲೂ ಅನ್ಸುತ್ತೆ.

ಗಸ್ತು_ತಿರುಗುವವ:
ತೆಗೆಯೋಕಾಗಲ್ಲ, ಸೇವ್ ಆದ್ಮೇಲೆ ಗುರುತು ಶಾಶ್ವತ, ಸಾರಾಂಶವೂ ಹಾಗೇ. ದಾರಿ ಇರೋದು ಒಂದೇ, ಅದೇ ಪುಟದಲ್ಲಿ ಓದುಗನಿಗೆ ಕಾಣದಂಥ ಒಂದು ಬದಲಾವಣೆ ಮಾಡೋದು, ಉದಾಹರಣೆಗೆ ವಾಕ್ಯದ ನಡುವೆ ಒಂದು ಸ್ಪೇಸ್ ಹೆಚ್ಚಿಗೆ ಹಾಕೋದು, ಸಾರಾಂಶದಲ್ಲಿ "ಹಿಂದಿನ ಬದಲಾವಣೆ ಚುಟುಕಲ್ಲ, ಇಸವಿ ಬದಲಾಗಿದೆ, ಆಧಾರ ನೋಡಿ" ಅಂತ ಬರೆದು ಟಿಕ್ ಇಲ್ದೇ ಸೇವ್ ಮಾಡೋದು. ಏನೂ ಬದಲಾಯಿಸದೇ ಸೇವ್ ಒತ್ತಿದ್ರೆ ಇತಿಹಾಸದಲ್ಲಿ ಸಾಲೇ ಮೂಡಲ್ಲ, ಅದಕ್ಕೇ ಒಂದು ಸ್ಪೇಸ್ ಬೇಕು. ಸಣ್ಣ ವಿಷಯಕ್ಕೆ ಇಷ್ಟೆಲ್ಲ ಬೇಡ, ಇಸವಿ, ಸಂಖ್ಯೆ, ಆಧಾರ ಆದ್ರೆ ಮಾಡಿ.

ಬೈಟ್_ಲೆಕ್ಕ:
ಸಾರಾಂಶದ ಬಗ್ಗೆ ಒಂದು ಮಾತು. ಮೊದಲೆಲ್ಲ ಆ ಬಾಕ್ಸಿಗೆ 255 ಬೈಟ್ ಮಿತಿ ಇತ್ತು, ಮೂರು ಬೈಟಿನ ಲೆಕ್ಕದಲ್ಲಿ ಕನ್ನಡಕ್ಕೆ ಸಿಗ್ತಿದ್ದದ್ದು 85 ಚಿಹ್ನೆ, ಒತ್ತು ಗುಣಿತ ಎಲ್ಲ ಸೇರಿ. ಒಂದು ವಾಕ್ಯ ಬರೆಯೋ ಅಷ್ಟರಲ್ಲಿ ಮುಗಿದುಹೋಗ್ತಿತ್ತು, "ಸಣ್ಣ ತಿದ್ದುಪಡಿ" ಅಂತ ಬರೆದು ಬಿಡೋ ಅಭ್ಯಾಸ ನಮ್ಮವರಲ್ಲಿ ಬೆಳೆಯೋಕೆ ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ. 2018ರಿಂದ ಅದು 500 ಚಿಹ್ನೆ ಆಗಿದೆ, ಭಾಷೆ ಯಾವುದಾದ್ರೂ ಒಂದೇ ಲೆಕ್ಕ. ಈಗ ಜಾಗ ಇದೆ, ಏನು ಬದಲಾಯಿಸಿದ್ರಿ ಯಾಕೆ ಬದಲಾಯಿಸಿದ್ರಿ ಪೂರ್ತಿ ಬರೀರಿ. ಟಿಕ್ ಹಾಕಿದ್ರೂ ಸಾರಾಂಶ ಬರೀರಿ, ಮರೆಮಾಡೋಕೆ ಬೇಕಾಗೋದು ಟಿಕ್, ತೆರೆದು ನೋಡೋರಿಗೆ ಬೇಕಾಗೋದು ಸಾರಾಂಶ.

ಹಳೇ_ಇತಿಹಾಸ_ಓದುವವ:
ಹೊಸಬರೇ, ಅಂಕಿ ಕೆಲಸ ಏನು ಮಾಡ್ತೀರಿ?

ತಿದ್ದುಪಡಿ_ಹೊಸಬಳು:
ನಿಲ್ಲಿಸಿದ್ದೀನಿ ಸರ್. ಸಮುದಾಯದ ಚರ್ಚೆ ಪುಟದಲ್ಲಿ ವಿಷಯ ಹಾಕ್ತೀನಿ, ಯಾವ ಲೇಖನಗಳು, ಪ್ರತಿ ಪುಟದಲ್ಲಿ ಈಗ ಯಾವ ಅಂಕಿ ಜಾಸ್ತಿ ಇದೆ ಅಂತ ಪಟ್ಟಿ ಸಮೇತ. ಒಪ್ಪಿಗೆ ಬಂದ್ಮೇಲೆ ಟಿಕ್ ಹಾಕಬಹುದಾ ಆಗ?

ಹಳೇ_ಇತಿಹಾಸ_ಓದುವವ:
ಆಗ ಹಾಕಬಹುದು, ತೀರ್ಮಾನ ಎಲ್ಲರೂ ಸೇರಿ ಮಾಡಿರೋದರಿಂದ ಒಂದೊಂದು ಪುಟದಲ್ಲಿ ಯಾರೂ ತಕರಾರು ಎತ್ತಲ್ಲ. ಸಾರಾಂಶದಲ್ಲಿ ಆ ಚರ್ಚೆಯ ಕೊಂಡಿ ಕೊಡಿ. ಪದ್ಯ ಮತ್ತೆ ಶಾಸನದ ಉದ್ಧರಣೆ ಇರೋ ಕಡೆ ಅಂಕಿ ಮುಟ್ಟಬೇಡಿ. ಪಟ್ಟಿ ಹಾಕಿದ್ಮೇಲೆ ಇಲ್ಲೂ ಒಂದು ಸಾಲು ಬರೀರಿ, ಉದ್ಧರಣೆ ಇರೋ ಪುಟಗಳನ್ನ ನಾನು ಬೇರೆ ಮಾಡಿ ಕೊಡ್ತೀನಿ.